ಕೊಂಬೆ ಕಡಿಯೋರು ಯಾರು, ಯಾವ ಕೊಂಬೆ ಅಂತ ಹೇಳೋರು ಯಾರು?

ಶಿಕಾರಿಪುರ, ಸೊರಬದಂಥ ಊರುಗಳಲ್ಲಿ ಮಳೆಗಾಲದ ಗಾಳಿ ಏಳೋಕೆ ಮುಂಚೆ ರಸ್ತೆ ಬದಿ ಮರಗಳನ್ನ ಸವರಬೇಕು. ಕರೆಂಟ್ ತಂತಿಗೆ ತಾಗುವ ಕೊಂಬೆ ಮೆಸ್ಕಾಂ ಪಾಲಿಗೆ. ಉಳಿದದ್ದು ಊರಾಡಳಿತದ ತಲೆನೋವು. ಇದಕ್ಕೆ ಸ್ವಂತ ಸಿಬ್ಬಂದಿ ಇಟ್ಟುಕೊಳ್ಳೋದಾ, ಗುತ್ತಿಗೆ ಕೊಡೋದಾ?

ಮೊದಲು ಲೆಕ್ಕ ನೋಡೋಣ. ಸ್ವಂತ ಸಿಬ್ಬಂದಿ ಅಂದ್ರೆ ನಾವು ಕ್ಲಾಸಲ್ಲಿ ಓದೋ ಫಿಕ್ಸೆಡ್ ಕಾಸ್ಟ್. ಸಂಬಳ, ತರಬೇತಿ, ಹಗ್ಗ, ಬೆಲ್ಟು, ಮರ ಕೊಯ್ಯೋ ಮಿಷನ್ನು ಎಲ್ಲಕ್ಕೂ ವರ್ಷಪೂರ್ತಿ ಖರ್ಚು. ಎತ್ತರಕ್ಕೇರಿಸೋ ಲಿಫ್ಟ್ ಗಾಡಿ ಕೊಂಡರೆ ಚಿಕ್ಕ ಊರಲ್ಲಿ ಅದು ಬಹಳ ದಿನ ಶೆಡ್ಡಲ್ಲೇ ನಿಂತಿರುತ್ತೆ. ಗುತ್ತಿಗೆಯಲ್ಲಿ ಕೆಲಸ ಇದ್ದಾಗ ಮಾತ್ರ ದುಡ್ಡು. ಇಷ್ಟೇ ಆದರೆ ಗುತ್ತಿಗೆಯೇ ವಾಸಿ.

ಆದ್ರೆ ಬಿಲ್ಲು ಯಾವುದರ ಮೇಲೆ ಅನ್ನೋದು ಮುಖ್ಯ. ಸವರಿದ ಮರಗಳ ಎಣಿಕೆಗೆ ದುಡ್ಡು ಕೊಟ್ಟರೆ ಬೇಗ ಬೇಗ ಕಡಿಯೋದೇ ಲಾಭ. ಸೌದೆಯೂ ಗುತ್ತಿಗೆದಾರನಿಗೇ ಸೇರಿದರೆ ಜಾಸ್ತಿ ಕಡಿಯೋದೇ ಲಾಭ. ಮರದ ತಲೆ ಬೋಳಿಸಿದರೆ ಆ ವರ್ಷ ರಸ್ತೆ ಚೊಕ್ಕ. ಆಮೇಲೆ ಕಡಿದ ತುದಿಯಲ್ಲಿ ಗುಂಪಾಗಿ ಚಿಗುರು ಬರುತ್ತೆ. ಅವು ಮೂಲ ಕೊಂಬೆಯಷ್ಟು ಭದ್ರವಾಗಿ ಕೂತಿರಲ್ಲ, ದಪ್ಪಗಾದ ಮೇಲೆ ಗಾಳಿಗೆ ಕಿತ್ತು ಬೀಳುತ್ತವೆ. ದೊಡ್ಡ ಗಾಯದೊಳಗೆ ಮರ ಕೊಳೆಯೋಕೂ ಶುರುವಾಗುತ್ತೆ.

ಸರಿಯಾದ ಕ್ರಮಕ್ಕೆ ಮೂರು ಕೊಯ್ತ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ, ಅದಕ್ಕಿಂತ ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಬುಡದ ಉಬ್ಬನ್ನು ಬಿಟ್ಟು ಅದರ ಪಕ್ಕದಲ್ಲೇ ಉಳಿದ ಮೋಟು. ಹೀಗೆ ಮಾಡಿದರೆ ತೊಗಟೆ ಸೀಳಲ್ಲ, ಗಾಯ ಮುಚ್ಚಿಕೊಳ್ಳುತ್ತೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತೆ.

ಹಾಗಂತ ಸ್ವಂತ ಸಿಬ್ಬಂದಿ ಎಂದಾಕ್ಷಣ ಮರ ಬಚಾವ್ ಅಂತಲ್ಲ. ಕಸ ಎತ್ತುವವರ ಕೈಗೇ ತರಬೇತಿಯಿಲ್ಲದೆ ಕತ್ತಿ ಕೊಟ್ಟು ಮರ ಹತ್ತಿಸಿದರೆ ಮರಕ್ಕೂ ಕೇಡು, ಅವರ ಜೀವಕ್ಕೂ ಅಪಾಯ.

ಮುಂದಿನ ವರ್ಷವೂ ಅದೇ ಮರದ ಹತ್ತಿರ ಬರಬೇಕಾದವರು ಬೇರೆ ಥರ ಯೋಚಿಸ್ತಾರೆ. ಸೊರಬದ ಕಾನುಗಳೇ ಸಾಕ್ಷಿ. 1868ರಲ್ಲೇ ಬ್ರಾಂಡಿಸ್ ಮತ್ತು ಗ್ರಾಂಟ್ ಇವುಗಳ ಬಗ್ಗೆ ವರದಿ ಬರೆದಿದ್ದರು. ವರ್ಷವರ್ಷವೂ ಕಾಳುಮೆಣಸು ಕೊಯ್ಯೋ ಜನಕ್ಕೆ ಕಾನು ಉಳಿಯಲೇಬೇಕಿತ್ತು.

ಹಾಗಾಗಿ ನಮ್ಮ ಉತ್ತರ ಇದು: ಕಡಿಯೋದನ್ನ ಗುತ್ತಿಗೆಗೆ ಕೊಡಿ, ನಿರ್ಧಾರವನ್ನ ಕೊಡಬೇಡಿ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಒಂದೇ ದಾರಿಯ ಊರುಗಳು. ಮೂರಕ್ಕೂ ಸೇರಿ ಮರ ಬಲ್ಲ ಒಬ್ಬ ಕಾಯಂ ನೌಕರ ಸಾಕು. ಪ್ರತಿ ಮರಕ್ಕೂ ನಂಬರು, ಕಡಿಯಬೇಕಾದ ಕೊಂಬೆಗೆ ಬಣ್ಣದ ಗುರುತು, ಅವರು ನೋಡಿ ಸಹಿ ಹಾಕಿದ ಮೇಲೇ ಬಿಲ್ಲು. ಇಡೀ ಮರ ಉರುಳಿಸೋದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿ ಅನುಮತಿ ಬೇಕು.

ಮರಗಳ ಪಟ್ಟಿ, ಜಿಪಿಎಸ್ ನಕ್ಷೆ ಮಾಡಿಕೊಡೋದು ನಮ್ಮಂಥವರಿಗೆ ಒಂದು ಸೆಮಿಸ್ಟರ್ ಪ್ರಾಜೆಕ್ಟ್. ಟಾಪಿಕ್ ಹುಡುಕ್ತಿರೋರು ಗಮನಿಸಿ.