ಒಡೆದು ಆದ ಕೀಲು, ಕೂಡಿ ಆದ ಕೀಲು

ಲಂಡನ್ನಿನ ವಾಯವ್ಯ ಅಂಚಿನಲ್ಲಿರುವ ಸ್ಟ್ಯಾನ್ಮೋರ್ ಎಂಬ ಊರಿನ ಹೆಸರು ಮೂಳೆ ವೈದ್ಯರಿಗೆಲ್ಲ ಗೊತ್ತು. ಅಲ್ಲಿನ ಬ್ರಾಕ್ಲಿ ಹಿಲ್ ದಿಬ್ಬದ ಮೇಲೆ ರಾಯಲ್ ನ್ಯಾಷನಲ್ ಆರ್ಥೋಪೆಡಿಕ್ ಆಸ್ಪತ್ರೆ ಇದೆ. ಇದರ ಬೇರು ಹುಡುಕಿದರೆ 1840ಕ್ಕೆ, ವಿಲಿಯಂ ಜಾನ್ ಲಿಟ್ಲ್ ಎಂಬ ವೈದ್ಯರು ಬ್ಲೂಮ್ಸ್‌ಬರಿಯಲ್ಲಿ ತೆರೆದ ಚಿಕಿತ್ಸಾಲಯಕ್ಕೆ ಹೋಗಿ ಮುಟ್ಟುತ್ತೇವೆ. ಲಿಟ್ಲ್ ಅವರ ಪಾದವೇ ಬಾಲ್ಯದಿಂದ ಸೊಟ್ಟಗಿತ್ತು. 1836ರಲ್ಲಿ ಜರ್ಮನಿಯ ಸ್ಟ್ರೋಮೈಯರ್ ಅದನ್ನು ಶಸ್ತ್ರಚಿಕಿತ್ಸೆಯಿಂದ ನೆಟ್ಟಗೆ ಮಾಡಿದರು. ಆ ವಿದ್ಯೆಯನ್ನು ಕಲಿತು ಬಂದ ಲಿಟ್ಲ್ ತನ್ನಂಥವರಿಗಾಗಿ ಬಾಗಿಲು ತೆರೆದರು. ಮುಂದೆ ಸವೆದ ಸೊಂಟದ ಬದಲಿಗೆ ಕೂಡಿಸುವ ಲೋಹದ ಕೀಲೊಂದಕ್ಕೆ ಸ್ಟ್ಯಾನ್ಮೋರ್ ಹೆಸರೇ ನಿಂತಿತು.

ಆ ಲೋಹದ ಕೀಲು ಯಾವುದರ ಬದಲಿಗೆ ಬಂತೋ ಆ ಸಹಜ ಕೀಲು ಹುಟ್ಟುವುದು ಹೇಗೆ? ಸೊಂಟ, ಮೊಣಕಾಲು, ಬೆರಳು ಇವೆಲ್ಲ ಗರ್ಭದಲ್ಲಿ ಹುಟ್ಟುವ ರೀತಿ ಒಂದೇ. ಮೊದಲು ಕೀಲೇ ಇರುವುದಿಲ್ಲ. ಎಲ್ಲೂ ಕಡಿಯದ, ಒಂದೇ ಎಳೆಯಂತೆ ಸಾಗುವ ಮೃದ್ವಸ್ಥಿಯ ಅಚ್ಚು ಇರುತ್ತದೆ. ಕೀಲು ಬರಬೇಕಾದ ಜಾಗದ ಜೀವಕೋಶಗಳು ಮೃದ್ವಸ್ಥಿಯಾಗುವ ಕೆಲಸವನ್ನು ಕೈಬಿಟ್ಟು, ಚಪ್ಪಟೆಯಾಗಿ, ಒತ್ತೊತ್ತಾಗಿ ಪಟ್ಟಿಯೊಂದನ್ನು ಕಟ್ಟುತ್ತವೆ. ಜಿಡಿಎಫ್5 ಎಂಬ ಪ್ರೋಟೀನು ಆ ಪಟ್ಟಿಯ ಗುರುತು; ವಿಂಟ್ ಗುಂಪಿನ ಸಂಕೇತಗಳು ಅಲ್ಲಿ ಮೃದ್ವಸ್ಥಿಯನ್ನು ತಡೆಯುತ್ತವೆ. ಆಮೇಲೆ ಪಟ್ಟಿ ನಡುವೆ ಬಿರಿದು ಕುಳಿಯಾಗುತ್ತದೆ. ಒಂದು ಎರಡಾದ ಕಡೆ ಕೀಲು.

ದವಡೆಯ ಕೀಲಿನ ಕಥೆ ಇದಕ್ಕೆ ತಿರುವುಮುರುವು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಒಳಗೆ ಜಾರಿ ಮುಂದೆ ಬರುವುದು ಕೆಳದವಡೆಯ ಗುಂಡು ತಲೆ. ಅದು ಕೂರುವ ಗುಳಿ ತಲೆಬುರುಡೆಯ ಕಣತಲೆ ಮೂಳೆಯಲ್ಲಿದೆ. ಗರ್ಭದ 7-8ನೇ ವಾರದಲ್ಲಿ ಇವೆರಡೂ ಬೇರೆ ಬೇರೆ ಜಾಗದಲ್ಲಿ, ನಡುವೆ ಸಾಕಷ್ಟು ಅಂತರವಿಟ್ಟು ಮೊಳೆಯುತ್ತವೆ. ಮಲೆನಾಡಿನ ಹೊಳೆಗೆ ಎರಡು ದಡದಿಂದಲೂ ಸೇತುವೆ ಕಟ್ಟುತ್ತ ಬಂದ ಹಾಗೆ ಒಂದರತ್ತ ಒಂದು ಬೆಳೆಯುತ್ತವೆ. ಆದರೆ ಇಲ್ಲಿ ಅವು ಮುಟ್ಟಬಾರದು. ಹತ್ತಿರ ಬರಬೇಕು, ಕೂಡಬಾರದು. ಈ ಕೀಲಿನ ಕಷ್ಟವೆಲ್ಲ ಇದರಲ್ಲೇ ಇದೆ ಎಂದು ನನಗನ್ನಿಸುತ್ತದೆ.

ದವಡೆಯ ತಲೆ ಸಾಮಾನ್ಯ ಮೃದ್ವಸ್ಥಿಯಲ್ಲ. ತೊಡೆಮೂಳೆಯ ಮೃದ್ವಸ್ಥಿ ಮೊದಲೇ ಇದ್ದು ಮೂಳೆ ಹಿಂದಿನಿಂದ ಬರುತ್ತದೆ. ಇಲ್ಲಿ ಮೂಳೆ ಆಗಲೇ ಕಟ್ಟುತ್ತಿರುವಾಗ ಅದರ ಹೊರಪೊರೆಯ ಜೀವಕೋಶಗಳು ಮೃದ್ವಸ್ಥಿಯತ್ತ ಹೊರಳುತ್ತವೆ. ಮೂಳೆಯ ದಾರಿ ತೋರುವ ರನ್ಕ್ಸ್2 ಮತ್ತು ಮೃದ್ವಸ್ಥಿಯ ದಾರಿ ತೋರುವ ಸಾಕ್ಸ್9, ಈ ಎರಡೂ ಜೀನುಗಳು ಇಲ್ಲಿ ಬೇಕು. ಹಾಗಾಗಿ ಅದರ ಮೇಲ್ಮೈಗೆ ಮೊಣಕಾಲಿನ ಗಾಜಿನಂಥ ನುಣುಪಿಲ್ಲ, ನಾರಿನ ಹೊದಿಕೆ ಇದೆ. ಈ ಹೊದಿಕೆಯ ಕೆಳಗಿನ ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇದ್ದು, ಹರೆಯದ ತನಕ ದವಡೆಯನ್ನು ಉದ್ದ ಮಾಡುತ್ತವೆ.

ತಲೆಗೂ ಗುಳಿಗೂ ನಡುವೆ ಒಂದು ನಾರಿನ ತಟ್ಟೆ ಇದೆ. ಅದರ ಕೆಳಗಿನ ಕುಳಿ ಸುಮಾರು 9ನೇ ವಾರದಲ್ಲಿ ತೆರೆದುಕೊಳ್ಳುತ್ತದೆ, ಮೇಲಿನದು 11ರ ಹೊತ್ತಿಗೆ. ದವಡೆಯ ತಲೆಯಿಂದ ಹೊರಡುವ ಇಂಡಿಯನ್ ಹೆಡ್ಜ್‌ಹಾಗ್ ಎಂಬ ಪ್ರೋಟೀನು ಈ ತಟ್ಟೆಗೆ ಬೇಕೇ ಬೇಕು. ಅದಿಲ್ಲದ ಇಲಿಯಲ್ಲಿ ತಟ್ಟೆ ಆಗಲಿಲ್ಲವೆಂದು 2007ರಲ್ಲಿ ತಿಳಿದುಬಂತು. ಮರುವರ್ಷ ಇನ್ನೊಂದು ಪ್ರಯೋಗದಲ್ಲಿ ಶಾಕ್ಸ್2 ಜೀನನ್ನು ತೆಗೆದ ಇಲಿಗಳ ದವಡೆ ಬುರುಡೆಗೆ ಅಂಟಿಕೊಂಡು ಕೀಲೇ ಇಲ್ಲದಾಯಿತು. ಆ ಇಲಿಗಳು ಸೊರಗಿದವು.

ಜೀನುಗಳು ಜಾಗ ಗುರುತಿಸಿದರೂ ಕುಳಿಯನ್ನು ತೆರೆದಿಡಲು ಚಲನೆ ಬೇಕು. 1966ರಲ್ಲಿ ಡ್ರಾಕ್‌ಮನ್ ಮತ್ತು ಸೊಕೊಲಾಫ್ ಮೊಟ್ಟೆಯೊಳಗಿನ ಕೋಳಿಭ್ರೂಣದ ಸ್ನಾಯುಗಳನ್ನು ಔಷಧದಿಂದ ನಿಶ್ಚಲಗೊಳಿಸಿದರು. ಕೈಕಾಲಿನ ಕೀಲುಗಳಲ್ಲಿ ಕುಳಿ ಸರಿಯಾಗಿ ಮೂಡಲಿಲ್ಲ. ಸ್ನಾಯುವಿಲ್ಲದೆ ಬೆಳೆದ ಇಲಿಭ್ರೂಣದಲ್ಲಿ ದವಡೆಯ ತಲೆಯ ಮೃದ್ವಸ್ಥಿ ಕುಗ್ಗಿರುತ್ತದೆ. ಹುಟ್ಟುವ ಮಗುವಿನ ದವಡೆ-ಗುಳಿ ಹೆಚ್ಚುಕಡಿಮೆ ಚಪ್ಪಟೆ. ಅದರ ಮುಂದಿನ ಉಬ್ಬು ಹಲ್ಲು ಮೂಡಿ ಅಗಿಯಲು ಶುರುವಾದ ಮೇಲೆಯೇ ಎದ್ದು ನಿಲ್ಲುತ್ತದೆ. ಪೃಷ್ಠ ಕೆಳಗಾಗಿ ಮಲಗಿದ ಭ್ರೂಣಗಳಲ್ಲಿ ಸೊಂಟದ ಕೀಲು ಸಡಿಲವಾಗುವ ಸಂಭವ ಹೆಚ್ಚೆಂಬ ಮಾತೂ ಚಲನೆಯ ಈ ಪಾತ್ರದತ್ತಲೇ ಬೊಟ್ಟು ಮಾಡುತ್ತದೆ.

ದವಡೆಯ ಕೀಲೊಂದೇ ಯಾಕೆ ಹೀಗೆ ಬೇರೆಯಾಗಬೇಕು? ಇದು ಸ್ತನಿಗಳಿಗೆ ತಡವಾಗಿ ಸಿಕ್ಕ ಆಸ್ತಿ, ಅದಕ್ಕೆ. ಹಲ್ಲಿ, ಮೊಸಳೆ, ಹಕ್ಕಿಗಳ ಬಾಯಿ ತೆರೆಯುವುದು ಬೇರೆಯೇ ಎರಡು ಮೂಳೆಗಳ ನಡುವೆ. ಆ ಎರಡು ಮೂಳೆಗಳು ನಮ್ಮಲ್ಲಿ ಎಲ್ಲಿ ಹೋದವು? ಕಿವಿಯೊಳಗೆ. 1837ರಲ್ಲಿ ಕಾರ್ಲ್ ರೈಕರ್ಟ್ ಭ್ರೂಣಗಳನ್ನು ಪರೀಕ್ಷಿಸಿ ನಮ್ಮ ಮಧ್ಯಕಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳೇ ಅವೆಂದು ತೋರಿಸಿದರು. ಮೀನಿನಲ್ಲಿ ಬಾಪ್ಕ್ಸ್1 ಎಂಬ ಜೀನು ಇಲ್ಲದಿದ್ದರೆ ಆ ಹಳೆಯ ಕೀಲು ಕೂಡಿ ಹೋಗುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಸಿಕ್ಕ ಮಾರ್ಗನುಕೋಡಾನ್ ಎಂಬ ಸುಮಾರು 20 ಕೋಟಿ ವರ್ಷ ಹಳೆಯ ಪುಟ್ಟ ಪ್ರಾಣಿಗೆ ಎರಡೂ ಕೀಲುಗಳಿದ್ದವು: ಹಳೆಯದು ಇನ್ನೂ ಹೋಗಿಲ್ಲ, ಹೊಸದು ಆಗಲೇ ಬಂದಿದೆ. ಕಾಂಗರೂ ವರ್ಗದ ಮರಿ ಚೀಲ ಸೇರಿ ಮೊಲೆ ಹಿಡಿಯುವಾಗ ಹೊಸ ಕೀಲು ಇನ್ನೂ ಸಿದ್ಧವಾಗಿರುವುದಿಲ್ಲ. ಅದು ಕಿವಿಮೂಳೆಯಾಗಲಿರುವ ಹಳೆಯದರ ಆಧಾರದಿಂದಲೇ ಹಾಲು ಕುಡಿಯುತ್ತದೆ. ಅದೆಷ್ಟು ಚೆಂದದ ಸಾಕ್ಷ್ಯ!

ಇದು ಬರಿಯ ಇತಿಹಾಸವಲ್ಲ. ಗದ್ದ ಊರಿ ಬಿದ್ದ ಮಗುವಿನ ದವಡೆಯ ತಲೆ ಮುರಿದರೆ, ಇಲ್ಲವೇ ಕಿವಿಯ ಸೋಂಕು ಅತ್ತ ಹರಡಿದರೆ, ಎರಡು ದಡ ನಡುವಿನ ಅಂತರ ಕಳೆದುಕೊಂಡು ಮೂಳೆ ಅಂಟಬಹುದು. ಆಗ ಬಾಯಿ ತೆರೆಯಲಾಗದು, ಬೆಳವಣಿಗೆಯ ಪದರ ಹಾಳಾದ್ದರಿಂದ ಗದ್ದ ಹಿಂದೆ ಸರಿದು ಮುಖ ಒಂದು ಕಡೆ ವಾಲುತ್ತದೆ. ನಮ್ಮ ದೇಶದಲ್ಲಿ ಈ ತೊಂದರೆಯ ಮಕ್ಕಳನ್ನು ದಂತವೈದ್ಯ ಕಾಲೇಜುಗಳ ಶಸ್ತ್ರಚಿಕಿತ್ಸಾ ವಿಭಾಗಗಳು ಇವತ್ತಿಗೂ ನೋಡುತ್ತವೆ. ಬಿದ್ದ ಮಗುವಿನ ಗದ್ದದ ಗಾಯ ಹೊಲಿದರೆ ಸಾಲದು, ಕಿವಿಯ ಮುಂದೆ ನೋವಿದೆಯೇ, ಬಾಯಿ ಎಂದಿನಷ್ಟು ತೆರೆಯುತ್ತದೆಯೇ ಎಂದು ಮುಂದಿನ ವಾರಗಳಲ್ಲೂ ನೋಡಬೇಕು. ಅಂಟಿದ ಮೂಳೆಯನ್ನು ತೆಗೆದು ನಡುವೆ ಸ್ನಾಯುವಿನ ಪದರವೊಂದನ್ನು ಹಾಸುತ್ತಾರೆ. ಮಕ್ಕಳಲ್ಲಿ ಪಕ್ಕೆಲುಬಿನ ಮೃದ್ವಸ್ಥಿ ಸಹಿತ ತುಂಡನ್ನು ದವಡೆಗೆ ಕೂಡಿಸುವುದೂ ಉಂಟು, ಆದರೆ ಅದು ಎಷ್ಟು ಬೆಳೆಯುತ್ತದೆಂದು ಹೇಳಲಾಗದು. ಶಸ್ತ್ರಚಿಕಿತ್ಸೆ ಮುಗಿದ ಕೆಲವೇ ದಿನಗಳಲ್ಲಿ ಬಾಯಿ ತೆರೆಸುವ ವ್ಯಾಯಾಮ ಶುರುವಾಗಿ ತಿಂಗಳುಗಟ್ಟಲೆ ನಡೆಯಬೇಕು. ನೋವೆಂದು ನಿಲ್ಲಿಸಿದರೆ ಮೂಳೆ ಮತ್ತೆ ಕೂಡಿಕೊಳ್ಳಬಹುದು.