‘ಜಗಳಗಂಟಿ’ ಎನ್ನುವ ಮುನ್ನ

ಮಕ್ಕಳ ಇಂಗ್ಲಿಷ್ ನಿಘಂಟಿನಲ್ಲಿ ‘ಟರ್ಮಗಂಟ್’ ಎಂಬ ಪದವನ್ನು ಹುಡುಕಿ ನೋಡಿ. ಕಾಲು ಕೆರೆದು ಜಗಳಕ್ಕೆ ಬರುವ ಬಾಯಿಬಡುಕ ಹೆಂಗಸು ಎಂಬ ಅರ್ಥ ಸಿಗುತ್ತದೆ. ನಮ್ಮ ಗಯ್ಯಾಳಿ, ಬಜಾರಿ, ಜಗಳಗಂಟಿಗಳ ಸಾಲಿಗೆ ಸೇರುವ ಪದವಿದು. ಆದರೆ ಇದು ಹುಟ್ಟಿದ ಬಗೆ ತಿಳಿದರೆ ನಿಮಗೆ ಅಚ್ಚರಿಯಾದೀತು. ಇದರ ಬೇರು ಇರುವುದು ಮುಸ್ಲಿಮರ ಕುರಿತ ಒಂದು ಸುಳ್ಳಿನಲ್ಲಿ.

ಮಧ್ಯಯುಗದ ಯುರೋಪಿನ ಜನಸಾಮಾನ್ಯರಿಗೆ ಇಸ್ಲಾಮಿನ ಪರಿಚಯ ಇರಲಿಲ್ಲ. ಕ್ರಿ.ಶ. 1100ರ ಆಸುಪಾಸಿನ ಫ್ರೆಂಚ್ ವೀರಕಾವ್ಯ ‘ರೋಲಾನನ ಗೀತೆ’ಯು ಮುಸ್ಲಿಮರನ್ನು ಮೂರು ವಿಗ್ರಹಗಳ ಆರಾಧಕರೆಂದು ಚಿತ್ರಿಸಿತು. ಅವುಗಳಲ್ಲೊಂದರ ಹೆಸರು ಟೆರ್ವಗಾನ್. ಏಕದೇವ ವಿಶ್ವಾಸವೇ ತಳಹದಿಯಾಗಿರುವ ಸಮುದಾಯದ ತಲೆಗೆ ಇಲ್ಲದ ದೇವರನ್ನು ಕಟ್ಟಲಾಯಿತು! ಇಂಗ್ಲೆಂಡಿನಲ್ಲಿ ಆ ಹೆಸರು ಟರ್ಮಗಂಟ್ ಆಯಿತು. ನಾಟಕದ ವೇದಿಕೆಯಲ್ಲಿ ಅಬ್ಬರಿಸುವ, ಗದರಿಸುವ ಪಾತ್ರವೆಂದರೆ ಟರ್ಮಗಂಟ್. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲೂ ಮಿತಿಮೀರಿ ಅಬ್ಬರಿಸುವ ನಟನನ್ನು ಟೀಕಿಸುವಾಗ ಈ ಹೆಸರು ಬರುತ್ತದೆ.

ಮೊದಮೊದಲು ಜಗಳಗಂಟ ಗಂಡಸಿಗೂ ಈ ಮಾತು ಅನ್ವಯಿಸುತ್ತಿತ್ತು. ಕ್ರಮೇಣ ಅದು ಹೆಣ್ಣಿಗೆ ಮಾತ್ರ ಅಂಟಿಕೊಂಡಿತು. ವೇದಿಕೆಯ ಟರ್ಮಗಂಟ್ ಉದ್ದನೆಯ ನಿಲುವಂಗಿ ತೊಟ್ಟಿರುತ್ತಿದ್ದುದರಿಂದ ಹೀಗಾಯಿತು ಎನ್ನುವವರಿದ್ದಾರೆ.

ಬೈಗುಳ ಬಾಯಿಮಾತಿಗೇ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ಜಗಳಗಂಟಿತನವು ‘ಕಾಮನ್ ಸ್ಕೋಲ್ಡ್’ ಎಂಬ ಅಪರಾಧವೇ ಆಗಿತ್ತು. ಅದನ್ನು ಹೊರಿಸುತ್ತಿದ್ದುದು ಹೆಚ್ಚಾಗಿ ಹೆಂಗಸರ ಮೇಲೆ. ಕುರ್ಚಿಗೆ ಕಟ್ಟಿ ಕೆರೆಯಲ್ಲಿ ಮುಳುಗಿಸಿ ಎತ್ತುವುದು ಅದಕ್ಕೆ ಶಿಕ್ಷೆ. 1829ರಲ್ಲಿ ಅಮೆರಿಕದ ವಾಷಿಂಗ್ಟನ್‌ನಲ್ಲಿ ಆ್ಯನ್ ರಾಯಲ್ ಎಂಬ ಲೇಖಕಿ ಇದೇ ಅಪರಾಧಕ್ಕಾಗಿ 10 ಡಾಲರ್ ದಂಡ ತೆರಬೇಕಾಯಿತು. ಇಂಗ್ಲೆಂಡಿನಲ್ಲಿ ಈ ಅಪರಾಧ ರದ್ದಾದದ್ದು 1967ರಲ್ಲಿ.

ಇನ್ನು ನಮ್ಮ ಮನೆಗಳತ್ತ ನೋಡೋಣ. ಮಗ ಎದುರು ಮಾತಾಡಿದರೆ ಧೈರ್ಯವಂತ, ಸೊಸೆ ಮಾತಾಡಿದರೆ ಜಗಳಗಂಟಿ. ಬಾಕಿ ಉಳಿದ ಮಹ್ರ್ ಕೇಳಿದವಳು, ತಂದೆಯ ಆಸ್ತಿಯಲ್ಲಿ ತನ್ನ ಪಾಲೆಷ್ಟೆಂದು ಅಣ್ಣಂದಿರನ್ನು ವಿಚಾರಿಸಿದವಳು ‘ಬಜಾರಿ’ ಎನಿಸಿಕೊಳ್ಳುತ್ತಾಳೆ. ಆ ಒಂದು ಪದಕ್ಕೆ ಹೆದರಿ ಎಷ್ಟೋ ಸಹೋದರಿಯರು ತಮ್ಮ ಹಕ್ಕನ್ನೇ ಬಿಟ್ಟುಕೊಡುತ್ತಾರೆ. ಹಾಗೆ ಕರೆಯುವವರಲ್ಲಿ ಹೆಂಗಸರಾದ ನಾವೂ ಇದ್ದೇವೆ ಎಂಬುದು ಬೇಸರದ ಸಂಗತಿ.

ಪವಿತ್ರ ಕುರ್‌ಆನಿನ 58ನೇ ಅಧ್ಯಾಯದ ಹೆಸರು ನಿಮಗೆ ತಿಳಿದಿರಬಹುದು. ‘ಅಲ್ ಮುಜಾದಿಲ’, ಅಂದರೆ ವಾದಿಸುವಾಕೆ. ಹ. ಖೌಲಾ(ರ)ರ ಪತಿ ಸಿಟ್ಟಿನಲ್ಲಿ, ‘ನೀನು ನನಗೆ ತಾಯಿಯ ಸಮಾನ’ ಎಂಬರ್ಥದ ಮಾತಾಡಿದ್ದರು. ಹಾಗೆಂದು ಹೆಂಡತಿಯನ್ನು ದೂರವಿಡುವುದು ಅರಬರ ಹಳೆಯ ಪದ್ಧತಿಯಾಗಿತ್ತು. ಖೌಲಾ(ರ) ಸುಮ್ಮನಾಗಲಿಲ್ಲ. ಪ್ರವಾದಿ(ಸ)ರ ಬಳಿಗೆ ಹೋಗಿ ವಾದಿಸಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. ಅವರನ್ನು ಯಾರೂ ಗದರಿಸಿ ಕಳಿಸಲಿಲ್ಲ. ಅಲ್ಲಾಹನು ಆ ಮೊರೆಯನ್ನು ಆಲಿಸಿದನು ಎಂದೇ ಆ ಅಧ್ಯಾಯ ಆರಂಭವಾಗುತ್ತದೆ. ಆ ಪದ್ಧತಿಯನ್ನು ಖಂಡಿಸಿ, ಅದಕ್ಕೆ ಪ್ರಾಯಶ್ಚಿತ್ತವನ್ನೂ ವಿಧಿಸಲಾಯಿತು.

ಹಾಗೆಂದು ಎಲ್ಲ ಜಗಳವೂ ಸರಿಯೆಂದಲ್ಲ. ನಾಲಿಗೆ ಹರಿಬಿಟ್ಟು ನೆರೆಮನೆಯವರ ನೆಮ್ಮದಿ ಕೆಡಿಸುವುದು, ಗೆಲ್ಲಲೇಬೇಕೆಂಬ ಹಟಕ್ಕೆ ಮಾತು ಬೆಳೆಸುವುದು ಗಂಡಸಿಗೂ ಹೆಂಗಸಿಗೂ ಶೋಭಿಸದು. ಆದರೆ ನ್ಯಾಯ ಕೇಳುವುದು ಬೇರೆ, ಜಗಳವಾಡುವುದು ಬೇರೆ. ಮುಂದಿನ ಬಾರಿ ಯಾರನ್ನಾದರೂ ಜಗಳಗಂಟಿ ಎನ್ನುವ ಮುನ್ನ ಒಂದು ಕ್ಷಣ ತಡೆಯಿರಿ. ಆಕೆ ಕೇಳುತ್ತಿರುವುದೇನು ಎಂದು ಮೊದಲು ಕಿವಿಗೊಟ್ಟು ಕೇಳಿ.