ಊಟಕ್ಕೆ ಏನು ಉಡೋಣ? ಕ್ಯಾಂಪಿನಿಂದ ಖಾನಾಪುರದವರೆಗೆ

ಬೆಳಗಾವಿಯಲ್ಲಿ ಊಟಕ್ಕೆಂದೇ ಬಟ್ಟೆ ಬದಲಿಸುವ ಪದ್ಧತಿ ಎರಡಿದ್ದವು. ಒಂದರಲ್ಲಿ ಕೋಟು ತೊಡಬೇಕು, ಇನ್ನೊಂದರಲ್ಲಿ ಅಂಗಿ ಕಳಚಬೇಕು. ಕೋಟಿನದು ಕ್ಯಾಂಪಿನ ಕಡೆಯದು, ಅಂಗಿ ಕಳಚುವುದು ಶಹಾಪುರದ ಓಣಿಗಳದು. ನಡುವೆ ಇರುವುದು ರೈಲು ಹಳಿ ಮತ್ತು ಕಪಿಲೇಶ್ವರದ ಮೇಲ್ಸೇತುವೆ. ಎರಡೂ ಪದ್ಧತಿಗಳು ಈಗ ಸಡಿಲಾಗಿವೆ. ಎಷ್ಟು ಸಡಿಲಾಗಿವೆ, ಬಿಟ್ಟ ಜಾಗಕ್ಕೆ ಏನು ಬಂದಿದೆ ಎಂದು ನೋಡಬೇಕಾದರೆ ಈ ಊರನ್ನು ನಡೆದೇ ನೋಡಬೇಕು. ನಡಿಗೆ ಮುಗಿದ ಮೇಲೆ ಖಾನಾಪುರದ ಬಸ್ಸು ಹತ್ತಬೇಕು.

ಕ್ಯಾಂಪು: ಗಿಡ್ಡ ಕೋಟಿನ ಊಟ

ಪೇಶ್ವೆಗಳ ಕೈಯಲ್ಲಿದ್ದ ಬೆಳಗಾವಿ ಕೋಟೆ 1818ರಲ್ಲಿ ಬ್ರಿಟಿಷರ ಪಾಲಾಯಿತು. ಕೋಟೆಯಾಚೆ ದಂಡು ಬೀಡುಬಿಟ್ಟ ಜಾಗವೇ ಇವತ್ತಿನ ಕ್ಯಾಂಪು. ದೊಡ್ಡ ಮರಗಳು, ಅಗಲ ರಸ್ತೆಗಳು, ಹಂಚಿನ ಬಂಗಲೆಗಳು, ಇಗರ್ಜಿಗಳು, ಶಾಲೆಗಳು. 1768ರಲ್ಲಿ ಹುಟ್ಟಿದ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ 1922ರಿಂದ ಇಲ್ಲೇ ಇದೆ. ಬೆಳಿಗ್ಗೆ ಈ ಕಡೆ ಬಂದರೆ ಕವಾಯತಿನ ಬೂಟಿನ ಸದ್ದು ರಸ್ತೆಗೂ ಕೇಳುತ್ತದೆ.

ದಂಡು ಇದ್ದಲ್ಲಿ ದರ್ಜಿ ಇರಲೇಬೇಕು. ಕ್ಯಾಂಪಿನ ಪೇಟೆಯಲ್ಲಿ ಪದಕದ ರಿಬ್ಬನ್ನು, ಭುಜಪಟ್ಟಿ, ಹಿತ್ತಾಳೆ ಗುಂಡಿ ಮಾರುವ ಅಂಗಡಿಗಳ ಸಾಲಿನಲ್ಲೇ ಹೊಲಿಗೆ ಯಂತ್ರದ ಸದ್ದು. ಅಂಥ ಒಂದು ಅಂಗಡಿಯ ಮೇಜಿನ ಮೇಲೆ ಮೆಸ್ ಡ್ರೆಸ್ ಇಸ್ತ್ರಿಗೆ ಬಂದಿತ್ತು. ಮೆಸ್ ಡ್ರೆಸ್ ಎಂದರೆ ಅಧಿಕಾರಿಗಳು ರಾತ್ರಿಯ ಔಪಚಾರಿಕ ಭೋಜನಕ್ಕೆ ತೊಡುವ ಪೋಷಾಕು. ಕೋಟು ಸೊಂಟದವರೆಗೆ ಮಾತ್ರ ಬರುತ್ತದೆ. ಎದೆಗೆ ಪದಕಗಳ ಪುಟ್ಟ ಪ್ರತಿಗಳು, ಸೊಂಟಕ್ಕೆ ಅಗಲವಾದ ಕಮರ್‌ಬಂದ್. ದರ್ಜಿ ಆ ಪಟ್ಟಿಯ ನೆರಿಗೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ, ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಇಟ್ಟರು. "ನೆರಿಗಿ ಬಾಯಿ ಮ್ಯಾಲಕ್ಕ ಇರಬೇಕ್ರಿ. ಕೆಳಗ ಮಾಡಿ ಕಟ್ಕೊಂಡ್ರ ಮೆಸ್‌ನ್ಯಾಗ ಎಲ್ಲಾರೂ ನೋಡಿ ನಗ್ತಾರ" ಎಂದರು.

ನಗುವವರು ಇರುತ್ತಾರೆ ಎಂಬ ಅಂಜಿಕೆಯೇ ಇಂಥ ನಿಯಮಗಳ ಬಲ. ಡೈನಿಂಗ್-ಇನ್ ರಾತ್ರಿಯಲ್ಲಿ ಎಲ್ಲರೂ ಒಟ್ಟಿಗೆ ಕೂರಬೇಕು, ಒಟ್ಟಿಗೆ ಏಳಬೇಕು. ಊಟದ ಕೊನೆಗೆ ರಾಷ್ಟ್ರಪತಿಗಳ ಹೆಸರಿನಲ್ಲಿ ಗ್ಲಾಸು ಎತ್ತಬೇಕು. ಅಲ್ಲಿ ಬಟ್ಟೆಯೂ ಶಿಸ್ತಿನ ಒಂದು ಭಾಗ.

ಊಟಕ್ಕೆ ಕೋಟು ತೊಡುವ ಈ ಪದ್ಧತಿಗೂ ಹಡಗಿಗೂ ಹಳೆಯ ನಂಟು. ಮುಂಬೈಯಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ದೊಡ್ಡ ಹಡಗುಗಳಲ್ಲಿ ಮೊದಲ ದರ್ಜೆಯವರು ರಾತ್ರಿ ಊಟಕ್ಕೆ ಕಪ್ಪು ಕೋಟು, ಬೋ ಟೈ ಕಟ್ಟಿ ಬರಬೇಕಿತ್ತು. ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಮಾತ್ರ ರಿಯಾಯಿತಿ, ಏಕೆಂದರೆ ಆಗ ಟ್ರಂಕುಗಳು ಇನ್ನೂ ಬಿಚ್ಚಿರುವುದಿಲ್ಲ ಅಥವಾ ಆಗಲೇ ಕಟ್ಟಿ ಆಗಿರುತ್ತದೆ. ಕೆಂಪು ಸಮುದ್ರಕ್ಕೆ ಬಂದಾಗ ಸೆಕೆ ತಡೆಯಲಾರದೆ ಸಾಹೇಬರೂ ಕೋಟು ಕಳಚಿದರು. ಬಿಳಿ ಅಂಗಿ, ಕಪ್ಪು ಪ್ಯಾಂಟು, ಸೊಂಟಕ್ಕೆ ಕಮರ್‌ಬಂದ್ ಇದ್ದರೆ ಸಾಕು ಎಂದಾಯಿತು. ಆ ವೇಷಕ್ಕೆ 'ರೆಡ್ ಸೀ ರಿಗ್' ಎಂಬ ಹೆಸರು ನಿಂತಿತು. ಸಡಿಲಿಕೆಯಾಗಿ ಹುಟ್ಟಿದ್ದೂ ಮುಂದೆ ಒಂದು ನಿಯಮವಾಗಿ ಬಿಗಿಯಿತು. ಹವಾನಿಯಂತ್ರಣ ಬಂದು ಸೆಕೆ ಹೋದ ಮೇಲೂ ಆ ವೇಷ ಉಳಿಯಿತು.

ಹಡಗುಗಳ ಲೋಕದಲ್ಲಿ ಗಟ್ಟಿ ಬದಲಾವಣೆ ಬಂದದ್ದು 2000ದಲ್ಲಿ. ನಾರ್ವೇಜಿಯನ್ ಕ್ರೂಸ್ ಲೈನ್ 'ಫ್ರೀಸ್ಟೈಲ್' ಎಂಬ ಹೆಸರಿನಲ್ಲಿ ಕಡ್ಡಾಯದ ಕೋಟನ್ನೂ ಗೊತ್ತುಮಾಡಿದ ಊಟದ ಹೊತ್ತನ್ನೂ ಕೈಬಿಟ್ಟಿತು. ಉಳಿದ ಕಂಪನಿಗಳೂ ಒಂದೊಂದಾಗಿ ಸಡಿಲಾದವು. ಕ್ಯೂನಾರ್ಡ್‌ನಂಥವರು ಮಾತ್ರ ಇವತ್ತಿಗೂ ಗಾಲಾ ರಾತ್ರಿಗಳನ್ನು ಬಿಟ್ಟಿಲ್ಲ. ಆ ರಾತ್ರಿ ಕೋಟಿಲ್ಲದವನಿಗೆ ಊಟ ತಪ್ಪುವುದಿಲ್ಲ, ಆದರೆ ಅವನು ಬಫೆ ಇರುವ ಕಡೆ ಹೋಗಬೇಕು. ಒಂದೇ ಹಡಗು, ಅಂಗಿಗೆ ತಕ್ಕ ಕೋಣೆ.

ನಮ್ಮ ನೆಲದಲ್ಲೂ ಬಾಗಿಲು ತೆರೆಯುತ್ತಿದೆ. 2024ರ ಫೆಬ್ರುವರಿಯಲ್ಲಿ ಭಾರತೀಯ ನೌಕಾಪಡೆ ತನ್ನ ಅಧಿಕಾರಿಗಳ ಮೆಸ್‌ಗಳಲ್ಲಿ, ನಾವಿಕರ ಇನ್‌ಸ್ಟಿಟ್ಯೂಟ್‌ಗಳಲ್ಲಿ ಕುರ್ತಾ-ಪೈಜಾಮ ತೊಡಲು ಅನುಮತಿ ಕೊಟ್ಟಿತು. ಮೇಲೊಂದು ತೋಳಿಲ್ಲದ ಜಾಕೀಟು ಇರಬೇಕು. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದು, ಪಂಚೆ ಉಟ್ಟಿದ್ದರೆಂದು ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆದಾಗ ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷಕ್ಕೆ ಪಂಚೆ ಅಂತೂ ಗೆದ್ದಿತು. ತಮಿಳುನಾಡಿನವರು ಹತ್ತು ವರ್ಷ ಮೊದಲೇ, 2014ರಲ್ಲಿ, ಪಂಚೆಯನ್ನು ತಡೆಯುವ ಕ್ಲಬ್ಬುಗಳ ವಿರುದ್ಧ ಕಾಯ್ದೆಯನ್ನೇ ತಂದಿದ್ದರು.

ಟಿಳಕವಾಡಿ: ಬಟ್ಟೆಯ ನಿಯಮ ಮಾಡಿದ ಊರು

ಕ್ಯಾಂಪಿನಿಂದ ಟಿಳಕವಾಡಿಗೆ ಬಂದರೆ ರಸ್ತೆಯ ಹೆಸರೇ ಕಾಂಗ್ರೆಸ್ ರಸ್ತೆ. 1924ರ ಡಿಸೆಂಬರ್‌ನಲ್ಲಿ ಇಲ್ಲಿ ವಿಜಯನಗರ ಎಂಬ ಹೆಸರಿನ ಡೇರೆಗಳ ಊರೇ ಎದ್ದಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ. ಅಧಿವೇಶನಕ್ಕೆ ನೀರೊದಗಿಸಲು ತೋಡಿದ ಕಾಂಗ್ರೆಸ್ ಬಾವಿ ಇವತ್ತಿಗೂ ಇದೆ, ಪಕ್ಕದಲ್ಲಿ ವೀರಸೌಧ. ಬಂದವರು ಬಾವಿ ಇಣುಕಿ, ಫೋಟೋ ನೋಡಿ ಹೋಗುತ್ತಾರೆ. ಅಲ್ಲಿ ಆದ ಒಂದು ತೀರ್ಮಾನ ಮಾತ್ರ ಹೆಚ್ಚು ಜನರಿಗೆ ನೆನಪಿಲ್ಲ. ಕಾಂಗ್ರೆಸ್ ಸದಸ್ಯನಾಗಬೇಕಾದವನು ಪಕ್ಷದ ಕೆಲಸದಲ್ಲಿ, ಸಭೆಗಳಲ್ಲಿ ಕೈಯಿಂದ ನೂತು ಕೈಯಿಂದ ನೆಯ್ದ ಖಾದಿಯನ್ನೇ ತೊಡಬೇಕು, ವರ್ಷಕ್ಕೆ 24,000 ಗಜ ನೂಲು ಕೊಡಬೇಕು ಎಂಬ ನಿಯಮಕ್ಕೆ ಬೆಳಗಾವಿ ಮುದ್ರೆ ಒತ್ತಿತು. ಇದೂ ಒಂದು ಡ್ರೆಸ್ ಕೋಡೇ. ಅಧಿವೇಶನದ ಹೊಣೆ ಹೊತ್ತಿದ್ದ ಗಂಗಾಧರರಾವ್ ದೇಶಪಾಂಡೆ ತಮ್ಮ ಹುದಲಿಯಲ್ಲಿ ಖಾದಿಯ ಕೆಲಸ ಬೆಳೆಸಿದರು. 1937ರಲ್ಲಿ ಗಾಂಧೀಜಿ ಆ ಹಳ್ಳಿಗೇ ಬಂದು ತಂಗಿದ್ದರು.

ಹಡಗಿನ ಊಟದ ಮೇಜನ್ನು ಗಾಂಧೀಜಿ ಬೇಗನೇ ಕಂಡವರು. 1888ರಲ್ಲಿ ಓದಲು ಹೊರಟ ಹುಡುಗನಿಗೆ ಚಾಕು-ಮುಳ್ಳುಚಮಚ ಹಿಡಿಯಲು ಬರುತ್ತಿರಲಿಲ್ಲ. ಯಾವುದರಲ್ಲಿ ಮಾಂಸವಿಲ್ಲ ಎಂದು ಕೇಳಲು ನಾಚಿಕೆ. ಹೀಗಾಗಿ ಮನೆಯಿಂದ ತಂದ ಸಿಹಿ, ಹಣ್ಣುಗಳನ್ನು ಕ್ಯಾಬಿನ್ನಿನಲ್ಲೇ ಕೂತು ತಿಂದರು. ಹಡಗಿನಲ್ಲಿ ಕಪ್ಪು ಸೂಟು ತೊಟ್ಟು, ಇಳಿಯುವ ದಿನಕ್ಕೆಂದು ಬಿಳಿ ಫ್ಲಾನೆಲ್ ಸೂಟು ಎತ್ತಿಟ್ಟಿದ್ದರು. ಇಂಗ್ಲೆಂಡಿನಲ್ಲಿ ಇಳಿದು ನೋಡಿದರೆ ಬಿಳಿ ತೊಟ್ಟವರು ಅವರೊಬ್ಬರೇ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ 'ರಾಜಪುತಾನಾ' ಹಡಗಿನಲ್ಲಿ ಹೊರಟಾಗ ಅದೇ ಮನುಷ್ಯನ ಮೈಮೇಲೆ ಇದ್ದದ್ದು ತುಂಡು ಪಂಚೆ ಮತ್ತು ಶಾಲು. ಬಕಿಂಗ್‌ಹ್ಯಾಮ್ ಅರಮನೆಯ ಚಹಾಕೂಟಕ್ಕೂ ಅದೇ ವೇಷ. ಆ ಎರಡು ಪ್ರಯಾಣಗಳ ನಡುವಿನ ವರ್ಷಗಳಲ್ಲಿ ಬರುತ್ತದೆ ಬೆಳಗಾವಿ.

ಶಹಾಪುರ: ಮುಕಟ ಮತ್ತು ಮಾಂಡೆ

ಕಪಿಲೇಶ್ವರ ಸೇತುವೆ ದಾಟಿದರೆ ಶಹಾಪುರ. ಸ್ವಾತಂತ್ರ್ಯ ಬರುವವರೆಗೂ ಇದು ಬ್ರಿಟಿಷರದ್ದಲ್ಲ, ಸಾಂಗಲಿ ಸಂಸ್ಥಾನದ್ದು. ಮುಂದೆ ಖಾಸಬಾಗ, ವಡಗಾವಿ. ಈ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಕೇಳುತ್ತದೆ, ಆದರೆ ಈಗ ಹೆಚ್ಚಿನವು ವಿದ್ಯುತ್ ಮಗ್ಗಗಳು. ಶಹಾಪುರ ಸೀರೆ ಎಂದರೆ ಈ ಭಾಗದ ಹೆಂಗಸರಿಗೆ ಹೇಳಿಕೊಡಬೇಕಿಲ್ಲ.

ಈ ಕಡೆಯ ಹಳೆಯ ಮನೆಗಳಲ್ಲಿ ಊಟದ ಬಟ್ಟೆ ಎಂದರೆ ಮುಕಟ, ಅಂದರೆ ರೇಷ್ಮೆಯ ಮಡಿ ಪಂಚೆ. ಕೆಂಪೋ ಹಳದಿಯೋ ಬಣ್ಣ. ಹೊರಗಿನಿಂದ ಬಂದವರು ಅಂಗಿ, ಧೋತರ ಕಳಚಿ, ಕೈಕಾಲು ತೊಳೆದು, ಗೂಟಕ್ಕೆ ತೂಗುಹಾಕಿದ ಮುಕಟವನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟು ಪಂಕ್ತಿಗೆ ಬರಬೇಕು. ಹಡಗಿನಲ್ಲಿ ಮೈ ಮುಚ್ಚಿದಷ್ಟೂ ಮರ್ಯಾದೆ, ಇಲ್ಲಿ ಬರಿಮೈಯೇ ಮರ್ಯಾದೆ. ಆದರೆ ಎರಡೂ ಕಡೆ ಕೆಲಸ ಒಂದೇ. ಯಾರು ಒಳಗೆ ಕೂರಬಹುದು, ಯಾರು ಕೂರಬಾರದು ಎಂದು ಬಟ್ಟೆ ಹೇಳುತ್ತಿತ್ತು. ಮಡಿಯ ಪಂಕ್ತಿಯಲ್ಲಿ ಜಾತಿಯೂ ಕೂತಿರುತ್ತಿತ್ತು, ಅದನ್ನು ಮರೆತು ಮುಕಟದ ಬಣ್ಣವನ್ನಷ್ಟೇ ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ.

ಮುಕಟ ಈಗ ಪೂಜೆಗೆ, ಶ್ರಾದ್ಧಕ್ಕೆ, ಮದುವೆಯ ದಿನ ಕೆಲವು ಹಿರಿಯರ ಮೈಮೇಲೆ ಉಳಿದಿದೆ. ಅದರ ಜೊತೆಗಿದ್ದ ಮಾಂಡೆ ಮಾತ್ರ ಗಟ್ಟಿಯಾಗಿ ಉಳಿದಿದೆ. ಕವುಚಿಟ್ಟ ಕಡಾಯಿಯ ಮೇಲೆ ಬೇಯಿಸಿ, ಬಿಸಿ ಇರುವಾಗಲೇ ಮಡಿಸುವ ಈ ತೆಳುವಾದ ಸಿಹಿ ಇಲ್ಲದಿದ್ದರೆ ಬೆಳಗಾವಿಯ ಎಷ್ಟೋ ಮದುವೆಗಳಲ್ಲಿ ಊಟಕ್ಕೆ ಕಳೆ ಇಲ್ಲ. ಊರಿನ ಇನ್ನೊಂದು ಸಿಹಿ ಕುಂದಾ, ಅದು ಪ್ರವಾಸಿಗರು ಪೊಟ್ಟಣ ಕಟ್ಟಿಸಿಕೊಂಡು ಒಯ್ಯುವ ತಿಂಡಿ. ಮಾಂಡೆ ಮದುವೆಯ ತಿಂಡಿ.

ಗಣಪತಿ ಗಲ್ಲಿ: ಈಗಿನ ಕಟ್ಟಳೆ

ಖಡೇಬಜಾರ, ಗಣಪತಿ ಗಲ್ಲಿ, ಮಾರುತಿ ಗಲ್ಲಿಗಳಲ್ಲಿ ಮದುವೆಯ ಹಂಗಾಮಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಊಟದ ಬಟ್ಟೆಯ ಕಟ್ಟುನಿಟ್ಟು ಕ್ಲಬ್ಬನ್ನೂ ಮಡಿಯನ್ನೂ ಬಿಟ್ಟು ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಇಲ್ಲಿದೆ. ಅರಿಶಿನದ ದಿನ ಎಲ್ಲರೂ ಹಳದಿ, ಮೆಹಂದಿಗೆ ಹಸಿರು, ಸಂಗೀತಕ್ಕೆ ಮಿನುಗು, ರಿಸೆಪ್ಶನ್ನಿಗೆ ಕೋಟು. ಆಮಂತ್ರಣದ ಜೊತೆ ವಾಟ್ಸ್‌ಆ್ಯಪ್‌ನಲ್ಲಿ ಬಣ್ಣದ ಸೂಚನೆಯೂ ಬರುತ್ತದೆ. "ಮೊದಲ ಒಂದ ಮದುವಿಗೆ ಒಂದ ಸೀರಿ ಸಾಕಾಗ್ತಿತ್ತ್ರೀ. ಈಗ ಹೊತ್ತಿಗೊಂದ" ಎಂದರು ಸೀರೆ ಅಂಗಡಿಯ ಗಲ್ಲಾದ ಮೇಲಿದ್ದವರು. ಅವರ ದನಿಯಲ್ಲಿ ದೂರು ಇರಲಿಲ್ಲ, ವ್ಯಾಪಾರದ ಸಂತೋಷ ಇತ್ತು. ಖರ್ಚಿನ ದೃಷ್ಟಿಯಿಂದ ನೋಡಿದರೆ ಇದು ಬ್ರಿಟಿಷರ ಕಪ್ಪು ಕೋಟಿಗಿಂತ ಬಿಗಿ. ಆ ಕೋಟು ಒಮ್ಮೆ ಹೊಲಿಸಿದರೆ ಇಪ್ಪತ್ತು ವರ್ಷ ಬಾಳುತ್ತಿತ್ತು. ಹಳದಿ ಲೆಹೆಂಗಾ ಮುಂದಿನ ಮದುವೆಗೆ ನಡೆಯುವುದಿಲ್ಲ, ಫೋಟೋದಲ್ಲಿ ಬಂದಿರುತ್ತದೆ.

ಕ್ರೂಸ್ ಕೂಡ ಈ ಬೀದಿಗೆ ಬಂದಿದೆ. 2021ರಿಂದ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಕಾರ್ಡೆಲಿಯಾ ಹಡಗು ಓಡಾಡತೊಡಗಿದ ಮೇಲೆ ಸಿಂಗಾಪುರಕ್ಕೋ ಯುರೋಪಿಗೋ ಹೋಗಬೇಕಿಲ್ಲ. ಹೊರಡುವವರು ರೆಡಿಮೇಡ್ ಅಂಗಡಿಯಲ್ಲಿ ಬ್ಲೇಜರು ಹಾಕಿ ನೋಡಿ, ಕನ್ನಡಿಯ ಮುಂದೆ ನಿಂತು, ಊಟಕ್ಕೆ ಇದು ಬೇಕೇ ಬೇಕೇ ಎಂದು ಕೇಳುತ್ತಾರೆ. ಅವರಿಗೆ ಗೊತ್ತಿರಬೇಕಾದ ಮಾತೊಂದಿದೆ. ಕ್ಯೂನಾರ್ಡ್‌ನಷ್ಟು ಬಿಗಿಯಾದವರೂ ತಮ್ಮ ಗಾಲಾ ರಾತ್ರಿಗೆ ಆಯಾ ದೇಶದ ಔಪಚಾರಿಕ ಉಡುಪನ್ನು ಒಪ್ಪುತ್ತಾರೆ. ಬಂದ್ ಗಲಾ ಕೋಟು, ಇಳಕಲ್ಲದ ಸೀರೆ, ಶಹಾಪುರದ ಸೀರೆ ಯಾವ ಹಡಗಿನ ಊಟದ ಮನೆಗೂ ಕಡಿಮೆಯಲ್ಲ. ಹೆಂಗಸರಿಗೆ ಈ ಸಮಸ್ಯೆ ಮೊದಲಿನಿಂದಲೂ ಕಡಿಮೆಯೇ. ಕ್ಯಾಂಪಿನ ಮೆಸ್ಸಿಗೂ ಶಹಾಪುರದ ಪಂಕ್ತಿಗೂ ಸೀರೆ ಉಟ್ಟೇ ಹೋಗಬಹುದಿತ್ತು. ಕಚ್ಚೆ, ನೆರಿಗೆ ಬದಲಾದರೆ ಸಾಕು.

ಖಾನಾಪುರ: ಬಟ್ಟೆ ಕೊಟ್ಟು ಊಟಕ್ಕೆ ಕರೆಯುವವರು

ಬೆಳಗಾವಿಯಿಂದ ಗೋವಾ ಹಾದಿಯಲ್ಲಿ ಸುಮಾರು 25 ಕಿಲೋಮೀಟರ್ ಹೋದರೆ ಖಾನಾಪುರ. ಬಸ್ಸು ಬೇಕಾದಷ್ಟಿವೆ, ಲೋಂಡಾ ಕಡೆಯ ರೈಲೂ ಇದೆ. ಮಲಪ್ರಭೆ ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಊರನ್ನು ಬಳಸಿ ಹರಿಯುತ್ತಾಳೆ. ಮಣ್ಣು ಒಳ್ಳೆಯದಾದ್ದರಿಂದ ಹಂಚು, ಮಡಕೆಗೆ ಹೆಸರಾದ ಊರು. ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆಯೂ ಇಲ್ಲಿದೆ. ಕದಂಬರ ಹಲಸಿ, ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ನಂದಗಡ ಇದೇ ತಾಲ್ಲೂಕಿನವು. ಮದುವೆಗೆ ಬಂದವರು ಮರುದಿನ ಅವನ್ನೂ ನೋಡಿ ಬರಬಹುದು.

ಇಲ್ಲಿನ ಮದುವೆಯ ಮಂಟಪದ ಬಾಗಿಲಲ್ಲಿ ಬಟ್ಟೆ ನೋಡುವವರಿಲ್ಲ, ಬಟ್ಟೆ ತೊಡಿಸುವವರಿದ್ದಾರೆ. ಫೇಟಾ ಕಟ್ಟುವವನು ಬಣ್ಣದ ಬಟ್ಟೆಯ ಗಂಟನ್ನು ಬಿಚ್ಚಿ ಕೂತಿರುತ್ತಾನೆ. ಬಂದ ಬೀಗರ ತಲೆಯನ್ನು ಒಮ್ಮೆ ಕಣ್ಣಲ್ಲೇ ಅಳೆಯುತ್ತಾನೆ. ಬಟ್ಟೆಯ ಒಂದು ತುದಿಯನ್ನು ಅವರ ಹಲ್ಲಿಗೇ ಕಚ್ಚಿಸಿ, ಇನ್ನೊಂದು ತುದಿಯನ್ನು ಹುರಿಮಾಡುತ್ತ ಸುತ್ತುತ್ತಾನೆ. ಎರಡು ನಿಮಿಷದಲ್ಲಿ ಹಿಂದೆ ಬಾಲ, ಮೇಲೆ ತುರಾಯಿ. ಕೆಳಗೆ ಜೀನ್ಸ್ ಇರಲಿ, ಮಾಸಿದ ಪೈಜಾಮ ಇರಲಿ, ಫೇಟಾ ಕಟ್ಟಿದ ಮೇಲೆ ಎಲ್ಲರೂ ಒಂದೇ ದಿಬ್ಬಣ.

ಆಮೇಲೆ ಮಾನದ ಸರದಿ. ಮೈಕಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಹೆಸರು ಕೂಗುತ್ತಾರೆ. ಕರೆದವರಿಗೆ ಟೋಪಿ, ಟಾವೆಲ್ಲು, ತೆಂಗಿನಕಾಯಿ. ಅದೇ ಟಾವೆಲ್ಲು ಮುಂದಿನ ತಿಂಗಳು ಇನ್ನೊಂದು ಮದುವೆಯಲ್ಲಿ ಇನ್ನೊಬ್ಬರ ಹೆಗಲೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೆಸರು ಕೂಗಲಿಲ್ಲ ಎಂದರೆ ಮಾತ್ರ ಬೇಸರ, ಅದು ವರ್ಷಗಟ್ಟಲೆ ಉಳಿಯುತ್ತದೆ.

ಊಟಕ್ಕೆ ಈಗ ಬಫೆ. ಫೇಟಾ ಕಟ್ಟಿದ ಹಿರಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಕಂಡು ಪಂಕ್ತಿಯ ಸೊಗಸು ಹೋಯಿತು ಎನ್ನುವವರಿದ್ದಾರೆ. ಬಡಿಸುವವರ ಒತ್ತಾಯ ಇಲ್ಲ, ಕೂತು ಉಣ್ಣುವ ನೆಮ್ಮದಿ ಇಲ್ಲ, ಅದು ನಿಜ. ಆದರೆ ಯಾವ ಪಂಕ್ತಿಯಲ್ಲಿ ಯಾರು ಎಂಬ ಹಳೆಯ ಲೆಕ್ಕವನ್ನು ಮುರಿದದ್ದೂ ಈ ತಟ್ಟೆಯ ಸಾಲೇ.

ಬಾಗಿಲಲ್ಲಿ ನಿಂತು ನಿನ್ನಲ್ಲಿ ಇದಿಲ್ಲ ಎನ್ನುವ ನಿಯಮ ಹಡಗಿನಲ್ಲೂ ಕ್ಲಬ್ಬಿನಲ್ಲೂ ಮಡಿಯ ಮನೆಯಲ್ಲೂ ಸೋಲುತ್ತ ಬಂದಿದೆ. ಸೋಲಬೇಕಾದದ್ದೇ. ಅದರ ಜೊತೆಗೆ ಊಟಕ್ಕೆಂದು ಸಿಂಗರಿಸಿಕೊಳ್ಳುವ ಖುಷಿಯೂ ಹೋಗಬೇಕಾಗಿಲ್ಲ. ಬಂದವರಿಗೆ ಬೇಕಾದ ಬಟ್ಟೆಯನ್ನು ಕರೆದವರೇ ಕೊಟ್ಟು ಒಳಗೆ ಕರೆದುಕೊಂಡರೆ ಯಾವ ಕಟ್ಟುನಿಟ್ಟೂ ಭಾರವಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಹಳದಿ, ಹಸಿರು ಎಂದು ಬರೆದು ಕಳಿಸುವ ಬೆಳಗಾವಿಯ ಬೀಗರು, ಬಟ್ಟೆಯ ಖರ್ಚನ್ನೂ ತಾವೇ ಹೊರುವ ಖಾನಾಪುರದವರನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.